‘ನಾಗರಿಕತೆ’ ಎಂಬ ಪದ ಬೂದಿಹಾಳದವರಿಗೆ ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಾನು ಸುರಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಆರನೆಯ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವವನು. ಈ ಸಲ ಸಿಂಧೂ ಕಣಿವೆಯ ಪಾಠವನ್ನು ಓದಿ ಹೇಳದೆ ಮಕ್ಕಳ ಕೈಗೇ ಬಿಟ್ಟೆ. ರಟ್ಟಿನಲ್ಲಿ 7 ಸೆಂ.ಮೀ. ದಪ್ಪ, 14 ಅಗಲ, 28 ಉದ್ದದ ಇಟ್ಟಿಗೆಗಳನ್ನು ಮಾಡಿಸಿದೆ. ಹರಪ್ಪಕ್ಕೂ ಮೊಹೆಂಜೊದಾರೊಕ್ಕೂ ಸುಮಾರು 600 ಕಿ.ಮೀ. ದೂರ, ಆದರೂ ಎರಡು ಕಡೆಯೂ ಇಟ್ಟಿಗೆಯದು ಇದೇ 1:2:4ರ ಲೆಕ್ಕ ಎಂದಷ್ಟೇ ಹೇಳಿ ಸುಮ್ಮನಾದೆ. ಹಲಗೆಯ ಮೇಲೆ ‘ಕಂಡದ್ದು’, ‘ಅಂದಾಜು’ ಎಂದು ಎರಡು ಸಾಲು ಎಳೆದಿದ್ದೆವು. ಅಳತೆ ಯಾರು ಗೊತ್ತು ಮಾಡಿದರು, ಸುದ್ದಿ ಹೇಗೆ ಹೋಗುತ್ತಿತ್ತು ಎಂದು ಪ್ರಶ್ನೆಗಳು ಶುರುವಾದವು. ಪ್ರಶ್ನೆ ಕೇಳಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು, ನನಗೆ ಬಹಳ ಖುಷಿಯಾಯಿತು.

ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸರ್, ನಾಗರಿಕತೆ ಅಂದ್ರ ನಗರದಾಗ ಇದ್ದೋರದೇನ್ರಿ? ಹಂಗಾರ ನಮ್ಮ ಬೂದಿಹಾಳದಾಗ ಇದ್ದ ಮಂದೀದು ಏನ್ರಿ?”

ಬೂದಿಹಾಳ ನಮ್ಮ ಸೀಮೆಯ ಊರು. ಅಲ್ಲಿಯ ಬೂದಿದಿಬ್ಬವನ್ನು 1990ರ ದಶಕದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಅಗೆಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಅಲ್ಲಿ ದೊಡ್ಡಿ ಕಟ್ಟಿ, ಸಗಣಿ ಒಟ್ಟಿ, ಸುಟ್ಟ ಬೂದಿಯ ರಾಶಿ ಅದು. ವಾಸದ ನೆಲೆಯ ಜೊತೆಗೆ ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಜಾಗ, ದನ ಕಡಿದು ಹಂಚಿಕೊಳ್ಳುತ್ತಿದ್ದ ಜಾಗ ಕೂಡ ಸಿಕ್ಕಿವೆ. ಸಿಂಧೂ ಬಯಲಿನ ಪಟ್ಟಣಗಳು ಇನ್ನೂ ಬಾಳುತ್ತಿದ್ದ ಕಾಲಕ್ಕೂ ಈ ದನಗಾಹಿಗಳ ಕಾಲಕ್ಕೂ ಬಹಳ ಅಂತರವಿಲ್ಲ. ಪುಸ್ತಕಗಳಲ್ಲಿ ಮಾತ್ರ ಅವರದು ‘ನಾಗರಿಕತೆ’, ಇವರದು ‘ನವಶಿಲಾಯುಗದ ಸಂಸ್ಕೃತಿ’. ಮಕ್ಕಳಿಗೆ ಸಂಸ್ಕೃತಿ ಎಂದರೆ ಗ್ಯಾದರಿಂಗಿನ ದಿನದ ಸಾಂಸ್ಕೃತಿಕ ಕಾರ್ಯಕ್ರಮ, ಹಾಡು, ಕುಣಿತ. ನಾಗರಿಕ ಎಂದರೆ ಬಸ್ಸಿನಲ್ಲಿ ಸೀಟಿನ ಮೇಲೆ ಬರೆದಿರುವ ‘ಹಿರಿಯ ನಾಗರಿಕರು’. ಇನ್ನು ‘ಅನಾಗರಿಕ’ ಬೈಗುಳವೆಂದು ಎಲ್ಲರಿಗೂ ಗೊತ್ತು. ನಗರ ಕಟ್ಟದವರೆಲ್ಲ ಅನಾಗರಿಕರು ಎಂದು ಪಾಠದಲ್ಲಿ ಯಾರೂ ಬರೆದಿಲ್ಲ. ಆದರೆ ಆ ಮಾತನ್ನು ಪದವೇ ಹೇಳುತ್ತಿದೆ, ಮಗು ಅದನ್ನು ಕೇಳಿಸಿಕೊಂಡಿತು.

ಮರುದಿನ ಸಹೋದ್ಯೋಗಿಗಳನ್ನು ಕೇಳಿದೆ. ಉರ್ದು ಮಾಧ್ಯಮದಲ್ಲಿ ಓದಿದವರು ‘ತಹಜೀಬ್’ ಎಂದರು. ಅರಬ್ಬಿಯಿಂದ ಬಂದ ಈ ಮಾತಿನ ಮೂಲದಲ್ಲಿ ಗಿಡದ ಟೊಂಗೆ ಸವರಿ ಅಂದಗೊಳಿಸುವ ಅರ್ಥವಿದೆ. ಹಿಂದಿಯಲ್ಲಿ ‘ಸಭ್ಯತಾ’. ಅದರೊಳಗಿರುವುದು ಸಭೆ, ಕನ್ನಡಕ್ಕೆ ಬಂದರೆ ಅದು ಬರೀ ಒಳ್ಳೆಯ ನಡತೆ. ಗುರುಮಠಕಲ್ ಕಡೆಯ ತೆಲುಗು ಬಲ್ಲವರದೂ ನಮ್ಮದೇ ಪದ, ನಾಗರಿಕತ. ಆಳಂದದಿಂದ ಬಂದವರೊಬ್ಬರು ಮರಾಠಿಯಲ್ಲಿ ‘ಹಡಪ್ಪಾ ಸಂಸ್ಕೃತಿ’ ಎಂದೇ ಓದಿದ್ದಾಗಿ ಹೇಳಿದರು. ನನಗೆ ಹಿಡಿಸಿದ್ದು ಮರಾಠಿಯ ದಾರಿ. ಮೊಹೆಂಜೊದಾರೊದ ಸ್ನಾನದ ಕೊಳವೂ ಸಂಸ್ಕೃತಿಯೇ, ಬೂದಿಹಾಳದ ದೊಡ್ಡಿಯೂ ಸಂಸ್ಕೃತಿಯೇ ಎಂದಾಗ ಮೇಲು ಕೀಳಿನ ಮಾತೇ ಬರುವುದಿಲ್ಲ. ಕನ್ನಡದಲ್ಲೂ ‘ಹರಪ್ಪ ಸಂಸ್ಕೃತಿ’ ಎಂಬ ಬಳಕೆ ಇದ್ದೇ ಇದೆ. ಆದರೆ ಹಾಗೆಂದರೆ ಓಣಿ, ಗಟಾರ, ಮುದ್ರೆ, ಅಳತೆಗೋಲು ಇದ್ದ ಪಟ್ಟಣದ ಬದುಕನ್ನು ಬೇರೆ ಮಾಡಿ ತೋರಿಸಲು ಪದ ಉಳಿಯುವುದಿಲ್ಲ. ಆ ವ್ಯತ್ಯಾಸವೂ ಮಕ್ಕಳಿಗೆ ತಿಳಿಯಬೇಕು.

ತರಗತಿಯಲ್ಲಿ ಒಬ್ಬ ಹುಡುಗ ‘ಬಾಳ್ವೆ’ ಎಂದ. ಪಟ್ಟಣದ ಬಾಳ್ವೆ, ದನಗಾಹಿಗಳ ಬಾಳ್ವೆ. ಕೇಳಲು ಎಷ್ಟು ಸಲೀಸು! ಆದರೆ ನಮ್ಮ ಕಡೆ ಬಾಳ್ವೆ ಎಂದರೆ ಒಂದು ಮನೆಯ ಸಂಸಾರ. ಸಾವಿರ ವರ್ಷ ನಡೆದ, ಹತ್ತಾರು ಊರುಗಳ ಬದುಕಿನ ಭಾರವನ್ನು ಅದು ಹೊರುತ್ತದೆಯೇ ಎಂಬ ಅನುಮಾನ ನನಗೆ. ‘ಪಟ್ಟಣ ಬದುಕು’ ಎಂದು ಒಡೆದು ಹೇಳಿದರೆ ಅರ್ಥ ತಿಳಿಯಾಗುತ್ತದೆ, ಆದರೆ ಪರೀಕ್ಷೆಯ ಪ್ರಶ್ನೆಯಲ್ಲಿ ಬರುವುದು ‘ನಾಗರಿಕತೆ’ಯೇ. ಅದನ್ನು ಬಿಟ್ಟುಬಿಡಿ ಎಂದು ನಾನು ಮಕ್ಕಳಿಗೆ ಹೇಳಲಾರೆ.

ಬಲ್ಲವರಲ್ಲಿ ಎರಡು ವಿಷಯ ಕೇಳಬೇಕಿದೆ. ಹಳಗನ್ನಡ, ನಡುಗನ್ನಡದಲ್ಲಿ ‘ನಾಗರಿಕ’ ಎಂಬುದು ಬರೀ ಪಟ್ಟಣಿಗನಾಗಿದ್ದು, ಜಾಣ, ನಯವಂತ ಎಂಬ ಹೊಗಳಿಕೆ ಆಮೇಲೆ ಸೇರಿತೇ, ಅಥವಾ ಎರಡೂ ಒಟ್ಟಿಗೇ ಬಂದವೇ? ಪ್ರಯೋಗಗಳಿದ್ದರೆ ಸಾಲು ಸಮೇತ ಕೊಡಿ, ತರಗತಿಯಲ್ಲಿ ಓದಿಸುತ್ತೇನೆ. ಇನ್ನೊಂದು, ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಪಾಠ ಹೇಳುವವರು ಈ ಎರಡು ಬಗೆಯ ಬದುಕನ್ನು ಯಾವ ಮಾತಿನಲ್ಲಿ ಬೇರೆ ಮಾಡುತ್ತೀರಿ? ಬರುವ ಶನಿವಾರ ಮಕ್ಕಳು ಸಿಂಧೂ ಬಯಲನ್ನೂ ಬೂದಿಹಾಳವನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆಯುವವರಿದ್ದಾರೆ. ಮೇಲೆ ತಲೆಬರಹ ಏನು ಹಾಕೋಣ ಎಂದು ಈಗಾಗಲೇ ಕೇಳಿದ್ದಾರೆ.