ಸಂಪ್ ಪಕ್ಕದ ಪಿಲ್ಲರ್‌ಗೆ ಟ್ಯಾಂಕರ್ ಗುದ್ದಿದೆ – ಸಿಮೆಂಟ್ ಬಳಿಸುವ ಮುಂಚೆ ಓದಿ

ಬಿ-104: ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನೀರಿನ ಟ್ಯಾಂಕರ್ ರಿವರ್ಸ್ ಬರುವಾಗ ಸಂಪ್ ಪಕ್ಕದ ಪಿಲ್ಲರ್‌ಗೆ ಗುದ್ದಿದೆ. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಸ್ಟ್ಯಾಂಡ್ ಅಲ್ಲಾಡಿತು. ನೆಲದಿಂದ ಎರಡೂವರೆ ಅಡಿ ಮೇಲೆ ಚಕ್ಕೆ ಎದ್ದಿದೆ, ಅಲ್ಲಿಂದ ಕೆಳಕ್ಕೆ ಓರೆಯಾಗಿ ಒಂದು ಬಿರುಕು. ಫೋಟೋ ಹಾಕಿದ್ದೇನೆ.

ಸಿ-302: ಟ್ಯಾಂಕರ್‌ನವರು ಸಂಜೆ ಮೇಸ್ತ್ರಿ ಕಳಿಸಿ ಸಿಮೆಂಟ್ ಬಳಿಸುತ್ತಾರಂತೆ. ಐದು ಅಂತಸ್ತು ಹೊತ್ತಿರುವ ಪಿಲ್ಲರ್, ಇಷ್ಟಕ್ಕೆಲ್ಲ ಏನಾಗುತ್ತೆ ಬಿಡಿ.

ಎ-201: ದಯವಿಟ್ಟು ಬಳಿಸಬೇಡಿ. ಮೂವತ್ತು ವರ್ಷ ಕಟ್ಟಡದ ಕೆಲಸವನ್ನೇ ಮಾಡಿದವನು ಹೇಳುತ್ತಿದ್ದೇನೆ. ಮೇಲಿನ ಭಾರ ಹೊರುವುದೇ ಬೇರೆ, ಪಕ್ಕದ ಏಟು ತಡೆಯುವುದೇ ಬೇರೆ. ಸೀಮೆಸುಣ್ಣವನ್ನು ನಿಲ್ಲಿಸಿ ಮೇಲಿಂದ ಒತ್ತಿ ನೋಡಿ, ತಡೆಯುತ್ತದೆ. ಪಕ್ಕದಿಂದ ಒಂದು ಹೊಡೆತ ಸಾಕು.

ಪಿಲ್ಲರಿನ ನಡುವೆ ಏಟು ಬಿದ್ದರೆ ಅದು ಸ್ವಲ್ಪ ಬಾಗಿ ತಡೆದುಕೊಳ್ಳಬಹುದು. ಬುಡದ ಹತ್ತಿರ ಬಾಗಲು ಜಾಗವೇ ಇಲ್ಲ, ಕತ್ತರಿಸಿದ ಹಾಗೆ ಓರೆಯಾಗಿ ಸೀಳುತ್ತದೆ. ಆ ಸೀಳನ್ನು ಹಿಡಿದಿಡುವುದು ಉದ್ದದ ಕಂಬಿಗಿಂತ ಜಾಸ್ತಿ ರಿಂಗ್‌ಗಳು, ಅಂದರೆ ಆ ಕಂಬಿಗಳ ಸುತ್ತ ಅಡ್ಡಡ್ಡ ಕಟ್ಟುವ ಬಳೆಗಳು. ಭೂಕಂಪಕ್ಕೆಂದೇ ಇರುವ ನಮ್ಮ ದೇಶದ ಕಟ್ಟಡ ನಿಯಮ ಐಎಸ್ 13920 ಪ್ರಕಾರ ಬುಡದಲ್ಲಿ ರಿಂಗ್‌ಗಳ ನಡುವೆ 100 ಮಿ.ಮೀ.ಗಿಂತ ಜಾಸ್ತಿ ಬಿಡುವ ಹಾಗಿಲ್ಲ. ಮಾಮೂಲಿ ಕಾಂಕ್ರೀಟ್ ಕೆಲಸದ ನಿಯಮ ಐಎಸ್ 456ರಲ್ಲಿ 300 ಮಿ.ಮೀ.ವರೆಗೂ ಹೋಗಬಹುದು. ನಮ್ಮದು ಯಾವುದೋ, ಡ್ರಾಯಿಂಗ್ ನೋಡಬೇಕು.

ಸಿ-302: ಸರ್, ಗಾಡಿ ನಿಧಾನವಾಗಿಯೇ ಬಂದಿದ್ದು. ಐದು ಕಿ.ಮೀ. ಸ್ಪೀಡೂ ಇರಲಿಲ್ಲ.

ಎ-201: ತುಂಬಿದ ಟ್ಯಾಂಕರ್ ಹತ್ತು ಟನ್ ಅಂದುಕೊಳ್ಳಿ. ಐದು ಕಿ.ಮೀ. ಅಂದರೆ ಆ ಹತ್ತು ಟನ್ನನ್ನು 10 ಸೆಂ.ಮೀ. ಎತ್ತರದಿಂದ ಬಿಟ್ಟ ಹಾಗೆ. ಹತ್ತು ಕಿ.ಮೀ. ಆದರೆ 40 ಸೆಂ.ಮೀ. ಯುರೋಪಿನ ನಿಯಮದಲ್ಲಿ ಪಾರ್ಕಿಂಗಿಗೆ ಕಾರು ಮಾತ್ರ ಬರುವುದಾದರೆ ಪಿಲ್ಲರ್ 50 ಕಿಲೋನ್ಯೂಟನ್ ತಡೆಯಬೇಕು, ಲಾರಿ ಬರುವುದಾದರೆ 150. ಅಂದರೆ ಸುಮಾರು 15 ಟನ್ ಪಕ್ಕದಿಂದ ತಳ್ಳಿದಂತೆ. ನಮ್ಮ ಪಾರ್ಕಿಂಗನ್ನು ಲಾರಿ ಲೆಕ್ಕ ಹಾಕಿ ಕಟ್ಟಿರುತ್ತಾರಾ? ನನಗೆ ನಂಬಿಕೆ ಇಲ್ಲ.

ಡಿ-003: ಅಂಕಲ್, ಹಾಗಾದರೆ ಮನೆ ಖಾಲಿ ಮಾಡಬೇಕಾ? ಅಮ್ಮ ಗಾಬರಿಯಾಗಿದ್ದಾರೆ.

ಎ-201: ಇಲ್ಲಮ್ಮ, ಅಷ್ಟಕ್ಕೆ ಹೋಗಬೇಡಿ. ಬಿರುಕು ಬರೀ ಪ್ಲಾಸ್ಟರಿನದ್ದೂ ಇರಬಹುದು. ಆದರೆ ಒಳಗಿನ ಕಾಂಕ್ರೀಟ್ ಸೀಳಿದ್ದರೆ, ಮೇಲಿನ ಭಾರವೇ ಆ ಓರೆಯಲ್ಲಿ ಜಾರಿಸಲು ನೋಡುತ್ತದೆ. ಸ್ಟಿಲ್ಟ್‌ನಲ್ಲಿ, ಅಂದರೆ ಬರೀ ಪಿಲ್ಲರ್‌ಗಳ ಮೇಲೆ ನಿಂತ ನಮ್ಮ ಪಾರ್ಕಿಂಗ್ ಅಂತಸ್ತಿನಲ್ಲಿ, ಆಸರೆಗೆ ಗೋಡೆಯೂ ಇಲ್ಲ. 2001ರ ಭುಜ್ ಭೂಕಂಪದಲ್ಲಿ ದೂರದ ಅಹಮದಾಬಾದಿನಲ್ಲೂ ಇಂಥ ಸ್ಟಿಲ್ಟ್ ಪಾರ್ಕಿಂಗ್ ಕಟ್ಟಡಗಳು ಬಿದ್ದವು. ಅದಕ್ಕೇ ಹೇಳುತ್ತಿರುವುದು, ಕಣ್ಣಿಗೆ ಕಾಣುವ ಬಿರುಕನ್ನು ಸುಮ್ನೆ ಮುಚ್ಚಬೇಡಿ ಅಂತ.

ಇವತ್ತೇ ಆ ಪಿಲ್ಲರಿನ ಸುತ್ತ ಬೀಮ್‌ಗಳಿಗೆ ಕಬ್ಬಿಣದ ಪ್ರಾಪ್ (ತಾತ್ಕಾಲಿಕ ಊರುಗಂಬ) ಕೊಡಿಸೋಣ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು, ತಾರೀಖು. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಪ್ಲಾಸ್ಟರ್ ಬಿಡಿಸಿ ನೋಡಲಿ. ಬೇಕಾದರೆ ಜಾಕೆಟಿಂಗ್, ಅಂದರೆ ಪಿಲ್ಲರಿನ ಸುತ್ತ ಹೊಸ ಕಂಬಿ-ಕಾಂಕ್ರೀಟಿನ ಕವಚ, ಮಾಡಿಸಿದರಾಯಿತು.

ಬಿ-104: ಖರ್ಚು ಟ್ಯಾಂಕರ್‌ನವರಿಂದಲೇ ಕೇಳೋಣ. ಸಿಸಿಟಿವಿ ತುಣುಕು ತೆಗೆದಿಟ್ಟಿದ್ದೇನೆ. ನಾಳೆಯಿಂದ ಗಾಡಿ ಗೇಟಿನ ಹೊರಗೇ ನಿಲ್ಲಲಿ, ಪೈಪ್ ಎಳೆದುಕೊಳ್ಳಲಿ.

ಸಿ-302: ಸರಿ ಸರ್, ಮೇಸ್ತ್ರಿಗೆ ಬರಬೇಡ ಅಂದಿದ್ದೇನೆ. ಪ್ರಾಪ್ ಬಾಡಿಗೆಗೆ ಕೊಡುವವರು ನನಗೆ ಗೊತ್ತು. ಆ ಪಿಲ್ಲರಿನ ಪಕ್ಕದ ಬಿಳಿ ಕಾರು ಯಾರದ್ದು? ಸ್ವಲ್ಪ ತೆಗೀರಪ್ಪ.