ವಕೀಲರಿಗೆ ಕೇಳ್ರಿ: ಪಂಚಾಯ್ತಿ ವಾರ್ಡಿನ್ಯಾಗ ಗೆದ್ದವರು ಯಾರು?

ರೋಣ: ವಕೀಲ್ರ, ನಮಸ್ಕಾರ. 2020ರ ಗ್ರಾಮ ಪಂಚಾಯ್ತಿ ಚುನಾವಣ್ಯಾಗ ನಮ್ಮ ವಾರ್ಡಿಗೆ ಮೂರು ಸೀಟು: ಎಸ್‌ಸಿ ಮಹಿಳೆ, ಸಾಮಾನ್ಯ ಮಹಿಳೆ, ಸಾಮಾನ್ಯ. ನಮ್ಮಣ್ಣ 410 ಓಟು ತಗೊಂಡ್ರೂ ಸೋತ. ಗೆದ್ದವರದು 520, 355, 310. 520ರವರು ಗಂಡಸು, ಕಡೀ ಇಬ್ರೂ ಎಸ್‌ಸಿ ಹೆಣ್ಮಕ್ಕಳು. 290 ತಗೊಂಡ ನಮ್ಮ ಓಣಿ ಅಕ್ಕಾರೂ ಸೋತ್ರು. ಈ ಸಲ ಆ ಗೆದ್ದ ಇಬ್ಬರು ಹೆಣ್ಮಕ್ಕಳೊಳಗ ಒಬ್ಬಾಕೀನ್ನ ನಿಲ್ಲಾಕ ಬಿಡಬಾರದು ಅಂತ ಹಿರ್ಯಾರು ಮಾತಾಡಾಕತ್ತಾರ. ಅವತ್ತು ಎಣಿಕಿ ತಪ್ಪಿತ್ತೇನ್ರಿ?

ಹುಬ್ಬಳ್ಳಿ: ನಮ್ಮ ಕಾರ್ಪೊರೇಷನ್ನಿಗೂ ಹಿಂಗ ಏನ್ರಿ?

ವಕೀಲರು: ಇಲ್ರಿ. ಅಲ್ಲಿ ವಾರ್ಡಿಗೆ ಒಬ್ಬರೇ.

ಶಿಗ್ಗಾಂವಿ: ‘ಒಬ್ಬರಿಗೇ ಮೂರು ಮುದ್ರಿ ಹೊಡೀರಿ, ಮೂರು ಓಟು ಅಕ್ಕಾವು’ ಅಂತ ವಾಟ್ಸಾಪ್ ಬಂದೈತ್ರಿ.

ವಕೀಲರು: ಸುಳ್ಳು. ಸೀಟು ಎಷ್ಟೋ ಅಷ್ಟು ಓಟು, ಆದ್ರ ಒಬ್ಬರಿಗೆ ಒಂದೇ. ಕಡಿಮಿ ಹಾಕಿದ್ರ ನಡೀತೈತಿ. ಸೀಟಿಗಿಂತ ಹೆಚ್ಚು ಮಂದಿಗೆ ಹೊಡದ್ರ ಇಡೀ ಮತಪತ್ರ ಕೆಡ್ತದ. ಇದನ್ನ ಮುಂದ ಕಳಸಬ್ಯಾಡ್ರಿ.

ರೋಣದವರ, ಎಣಿಕಿ ಸರಿ ಐತಿ. ಹೆಚ್ಚು ಓಟಿನ ಮೊದಲ ಮೂವರು ಗೆದ್ರು ಅನ್ನೂ ಲೆಕ್ಕ ಇಲ್ಲಿ ಇಲ್ಲ. ಮೊದಲು ಮೀಸಲು ಸೀಟು ತುಂಬಬೇಕು. ಎಸ್‌ಸಿ ಮಹಿಳೆಯರೊಳಗ 355 ಹೆಚ್ಚು, ಆ ಸೀಟು ಆಕೀದು. ಆಮ್ಯಾಲ ಉಳಿದ ಹೆಣ್ಮಕ್ಕಳೊಳಗ ಯಾರಿಗೆ ಹೆಚ್ಚು? 310. ಸಾಮಾನ್ಯ ಮಹಿಳೆ ಅಂದ್ರ ಯಾವ ಜಾತಿ ಹೆಣ್ಮಗಳಾದ್ರೂ ಗೆಲ್ಲಬಹುದು. ಉಳಿದದ್ದು ಒಂದು ಸಾಮಾನ್ಯ ಸೀಟು, ಅದಕ್ಕ 520 ಇದ್ದವರ ಮುಂದ ನಿಮ್ಮಣ್ಣನ 410 ಸಾಲಲಿಲ್ಲ. ತಕರಾರಿದ್ರ 30 ದಿನದೊಳಗ ಚುನಾವಣಾ ಅರ್ಜಿ ಹಾಕಬೇಕಿತ್ತು.

ನನಗ ಚಿಂತಿ ಹಚ್ಚಿದ್ದು ನಿಮ್ಮ ಕಡೀ ಮಾತು. ಎಸ್‌ಸಿ ಹೆಣ್ಮಗಳು ನಾಮಪತ್ರ ಹಾಕದಂಗ ಹೆದರಸೂದು, ಹಾಕಿದ್ದನ್ನ ಹಿಂದ ತಗಸೂದು 1989ರ ದೌರ್ಜನ್ಯ ತಡೆ ಕಾಯ್ದೆಯೊಳಗ ಅಪರಾಧ. ಹಿರ್ಯಾರಾದ್ರೂ ಅಷ್ಟ. ಆಕಿ ಮ್ಯಾಲೆ ಒತ್ತಡ ಬಂದ್ರ ನನಗ ಅವತ್ತೇ ತಿಳಸ್ರಿ.

ನರಗುಂದ: ಅವರಿಗೆ ಬ್ಯಾರೆ ಸೀಟು ಐತಲ್ರಿ, ನಮ್ಮದಕ್ಕ ಯಾಕ ಬರಬೇಕು?

ಗದಗ: ‘ನಮ್ಮದು’ ಅಂತ ಯಾವ ಕಾಗದದಾಗ ಬರದೈತ್ರಿ? 310 ಮಂದಿ ಓಟು ಹಾಕ್ಯಾರ.

ನರಗುಂದ: ನೀವು ಪ್ಯಾಟ್ಯಾಗ ಕುಂತು ಮಾತಾಡಬ್ಯಾಡ್ರಿ. ಊರಿನ ಗದ್ದಲ ನಿಮಗೇನು ಗೊತ್ತು?

ಗದಗ: ನಾನು ಹುಟ್ಟಿದ್ದೂ ಹಳ್ಳ್ಯಾಗ. ಗದ್ದಲ ಯಾರು ಎಬ್ಬಸ್ತಾರ ಅನ್ನೂದು ಗೊತ್ತೈತಿ.

ಕುಂದಗೋಳ: ಇಬ್ಬರಿಗೂ ಓಟು ಸಮ ಬಂದ್ರ?

ವಕೀಲರು: ಚೀಟಿ ಎತ್ತತಾರ.

ಶಿಗ್ಗಾಂವಿ: ಸರ, ಆ ಮೂರು ಮುದ್ರಿ ವಿಡಿಯೋನೂ ಬಂದೈತ್ರಿ, ನೋಡ್ರಿ.

ವಕೀಲರು: ನೋಡೂದಿಲ್ಲ. ಮ್ಯಾಲೆ ಬರದೀನಿ, ಓದ್ರಿ. ನರಗುಂದದವರ, ಇನ್ನೊಮ್ಮೆ ‘ನಮ್ಮ ಸೀಟು’ ಅಂದ್ರ ನಿಮ್ಮ ಜೋಡಿ ಮಾತು ಬಂದ್.

ರೋಣ: ಆಕೀ ಗಂಡಗ ನಾನು ಹೇಳ್ತೀನ್ರಿ. ಈಗ ಏನು ಮಾಡಿಟ್ಟುಕೋಬೇಕು?

ವಕೀಲರು: ಗಂಡಗಲ್ಲ, ಆಕೀಗೇ ಹೇಳ್ರಿ. ಜಾತಿ ಪ್ರಮಾಣಪತ್ರ ತೆಗಸಿಡಲಿ, ಮತದಾರರ ಪಟ್ಟಿಯೊಳಗ ಹೆಸರು ಐತೇನು ನೋಡಿಕೊಳ್ಳಲಿ.