ಹೊಟ್ಟೆಯ ಪರೀಕ್ಷೆಗೆ ಮುನ್ನ ನಿಲ್ಲಿಸಬೇಕಾದ ಗುಳಿಗೆ, ನಿಲ್ಲಿಸಬಾರದ ಊಟ

ಪ್ರಶ್ನೆ (ನಿವೃತ್ತ ಮುಖ್ಯೋಪಾಧ್ಯಾಯರು, ಕಲಬುರಗಿ):
ಡಾಕ್ಟರ್ ಸಾಹೇಬರಿಗೆ ಶರಣು. ನನಗೆ 63 ವರ್ಷ. ಎದೆ ಮತ್ತು ಮೇಲ್ಹೊಟ್ಟೆಯ ಉರಿಗೆಂದು ಆರು ವರ್ಷಗಳಿಂದ ಬೆಳಿಗ್ಗೆ ಒಂದು ಪ್ಯಾಂಟೊಪ್ರಜೋಲ್ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ದಿನ ಬಿಟ್ಟರೆ ಮೂರನೆಯ ದಿನ ಉರಿ ಮರಳುತ್ತದೆ. ಹೋದ ವರ್ಷ ಎಂಡೋಸ್ಕೋಪಿ ಮಾಡಿದವರು ಹುಣ್ಣಿಲ್ಲ, ಜಠರ ಸ್ವಲ್ಪ ಕೆಂಪಾಗಿದೆ, ಎಚ್. ಪೈಲೋರಿ ಎಂಬ ಕ್ರಿಮಿ ಇಲ್ಲ ಎಂದು ಬರೆದುಕೊಟ್ಟರು. ಈಚೆಗೆ ಸೊಲ್ಲಾಪುರದಲ್ಲಿರುವ ನನ್ನ ತಮ್ಮನಿಗೆ ಉಸಿರು ಊದಿಸಿ ಮಾಡುವ ಪರೀಕ್ಷೆಯಲ್ಲಿ ಅದೇ ಕ್ರಿಮಿ ಇದೆಯೆಂದು ಗೊತ್ತಾಗಿದೆ. ಒಮ್ಮೆ ಇಲ್ಲ ಎನಿಸಿಕೊಂಡ ನಾನು ಮತ್ತೆ ಪರೀಕ್ಷೆ ಮಾಡಿಸಬೇಕೇ? ಖಾರ ಬಿಟ್ಟರೆ ಸಾಲದೇ?

ಉತ್ತರ:
ಗುರುಗಳೇ, ನಿಮ್ಮ ವರದಿಯನ್ನು ನಂಬುವುದೋ ಬಿಡುವುದೋ ಎಂದು ಹೇಳುವ ಮೊದಲು ನಾನು ಕೇಳಬೇಕಾದುದು ಒಂದೇ: ಎಂಡೋಸ್ಕೋಪಿ ಮಾಡಿಸಿದ ವಾರಗಳಲ್ಲಿಯೂ ನೀವು ಆ ಗುಳಿಗೆಯನ್ನು ತೆಗೆದುಕೊಳ್ಳುತ್ತಲೇ ಇದ್ದಿರಾ? ಆರು ವರ್ಷದ ರೂಢಿ ಎಂದಿರುವುದರಿಂದ ಹೌದೆಂದೇ ಭಾವಿಸುತ್ತೇನೆ. ಹಾಗಿದ್ದರೆ ಆ ‘ಇಲ್ಲ’ ಎಂಬ ಮಾತಿಗೆ ಹೆಚ್ಚು ಬೆಲೆಯಿಲ್ಲ.

ಈ ಬ್ಯಾಕ್ಟೀರಿಯಾ ಆಮ್ಲದ ನಡುವೆ ಬದುಕುವುದು ಯೂರಿಯೇಸ್ ಎಂಬ ಕಿಣ್ವದ ಬಲದಿಂದ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಳ್ಳುತ್ತದೆ. ಎಂಡೋಸ್ಕೋಪಿಯ ವೇಳೆ ಜಠರದ ಒಳಪದರದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರೊಂದನ್ನು ಚಿವುಟಿ ತೆಗೆದು, ಯೂರಿಯಾ ಬೆರೆಸಿದ ಹಳದಿ ಬಣ್ಣದ ಲೋಳೆಯೊಳಗೆ ಒತ್ತಿ ಇಡುತ್ತೇವೆ. ಕ್ರಿಮಿ ಸಾಕಷ್ಟಿದ್ದರೆ ಹಳದಿ ಲೋಳೆ ಚೂರಿನ ಸುತ್ತ ಮೊದಲು ಕೆಂಬಣ್ಣಕ್ಕೆ ತಿರುಗಿ, ನೋಡನೋಡುತ್ತಿದ್ದಂತೆ ಪೂರಾ ಗುಲಾಬಿಯಾಗುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ನಡೆಯುತ್ತಿರುವಾಗ ಕ್ರಿಮಿಯ ಸಂಖ್ಯೆ ಕುಗ್ಗುತ್ತದೆ, ಇದ್ದುದೂ ಜಠರದ ಕೆಳಭಾಗ ಬಿಟ್ಟು ಮೇಲ್ಭಾಗಕ್ಕೆ ಸರಿಯುತ್ತದೆ. ನಾವು ಚಿವುಟುವುದು ಹೆಚ್ಚಾಗಿ ಕೆಳಭಾಗದಲ್ಲಿ. ಹೀಗಾಗಿ ಕ್ರಿಮಿ ಮನೆಯೊಳಗೇ ಇದ್ದರೂ ಲೋಳೆ ಹಳದಿಯಾಗಿಯೇ ಉಳಿದು, ‘ಇಲ್ಲ’ ಎಂಬ ಉತ್ತರ ಬರುತ್ತದೆ.

ನಿಮ್ಮ ತಮ್ಮನವರಿಗೆ ಮಾಡಿದ ಉಸಿರು ಪರೀಕ್ಷೆಯೂ ಇದೇ ಕಿಣ್ವದ ಮೇಲೆ ನಿಂತಿದೆ. ಗುರುತು ಹಾಕಿದ ಇಂಗಾಲವುಳ್ಳ ಯೂರಿಯಾವನ್ನು ನುಂಗಿಸಿ, ಸ್ವಲ್ಪ ಹೊತ್ತಿನ ನಂತರ ಊದಿಸುತ್ತಾರೆ. ಕ್ರಿಮಿಯಿದ್ದರೆ ಅದೇ ಗುರುತಿನ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ಕೊಳವೆ ಇಳಿಸುವ ಗೋಜಿಲ್ಲ, ಫಲಿತಾಂಶವೂ ನಂಬಿಕೆಗೆ ಅರ್ಹ. ಆದರೆ ಇದಕ್ಕೂ ಮಲದಲ್ಲಿ ಕ್ರಿಮಿಯ ಅಂಶವನ್ನು ಹುಡುಕುವ ಆಂಟಿಜೆನ್ ಪರೀಕ್ಷೆಗೂ ಆಮ್ಲ ತಗ್ಗಿಸುವ ಗುಳಿಗೆಯನ್ನು ಎರಡು ವಾರ ಮೊದಲು, ಆಂಟಿಬಯೋಟಿಕ್ ಮತ್ತು ಬಿಸ್ಮತ್ ಇರುವ ಔಷಧಿಯನ್ನು ನಾಲ್ಕು ವಾರ ಮೊದಲು ನಿಲ್ಲಿಸಿರಬೇಕು. ರಕ್ತದಲ್ಲಿ ಪ್ರತಿಕಾಯ ನೋಡುವ ಅಗ್ಗದ ಪರೀಕ್ಷೆಯೊಂದಿದೆ. ಕ್ರಿಮಿ ಎಂದೋ ಬಂದು ಹೋಗಿದ್ದರೂ ಅದು ‘ಇದೆ’ ಎನ್ನುವುದರಿಂದ ಈಗಿನ ಸೋಂಕನ್ನು ತೀರ್ಮಾನಿಸಲು ನಾನು ಅದನ್ನು ಬರೆಯುವುದಿಲ್ಲ.

ಖಾರದ ಮಾತು. ನಮ್ಮ ಭಾಗದಲ್ಲಿ ಹೊಟ್ಟೆ ಹುಣ್ಣಿನ ಅಪವಾದ ಮೊದಲು ಬೀಳುವುದು ಹಸಿಮೆಣಸಿನಕಾಯಿ ಚಟ್ನಿಯ ಮೇಲೆ. ಖಾರ ಉರಿಯನ್ನು ಕೆರಳಿಸಬಹುದು, ಆದರೆ ಹುಣ್ಣು ಹುಟ್ಟುವುದು ಬಹುಮಟ್ಟಿಗೆ ಈ ಕ್ರಿಮಿಯಿಂದ ಇಲ್ಲವೇ ಮಂಡಿನೋವಿಗೆಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಯಿಂದ. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು 1980ರ ದಶಕದ ಆರಂಭದಲ್ಲಿ ಹೇಳಿದಾಗ ವೈದ್ಯರೇ ನಂಬಲಿಲ್ಲ. ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲೇ ಇದನ್ನು ಜಠರ ಕ್ಯಾನ್ಸರಿನ ಕಾರಣಗಳ ಪಟ್ಟಿಗೆ ಸೇರಿಸಿದೆ. ಹಾಗೆಂದು ಹೆದರಬೇಡಿ, ಕ್ರಿಮಿಯಿರುವ ಬಹುಪಾಲು ಜನರಿಗೆ ಹುಣ್ಣೂ ಆಗುವುದಿಲ್ಲ, ಕ್ಯಾನ್ಸರೂ ಆಗುವುದಿಲ್ಲ. ಆದರೆ ತೊಂದರೆಯಿದ್ದು, ಕ್ರಿಮಿಯೂ ಇದ್ದರೆ ಅದನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಸರಿಯಾದ ತಯಾರಿಯೊಂದಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿರಿ.

ಗುಳಿಗೆ ನಿಲ್ಲಿಸಿದ ಎರಡು ವಾರ ಕಷ್ಟದವು. ಬಹುಕಾಲ ಅದುಮಿಟ್ಟ ಆಮ್ಲ ಒಮ್ಮೆಲೇ ಹೆಚ್ಚಿಗೆ ಸ್ರವಿಸುವುದರಿಂದ, ಮೂಲ ರೋಗವಿಲ್ಲದವರಿಗೂ ಉರಿ ಮರಳುತ್ತದೆ. ನಿಮ್ಮ ‘ಮೂರನೆಯ ದಿನ’ದ ಉರಿಯಲ್ಲಿ ಇದರ ಪಾಲೂ ಇರಬಹುದು. ಆ ದಿನಗಳಲ್ಲಿ ಬಿಸ್ಮತ್ ಇಲ್ಲದ ಆಂಟಾಸಿಡ್ ಅಥವಾ ಆಲ್ಜಿನೇಟ್ ದ್ರಾವಣ ನಡೆಯುತ್ತದೆ. ಆದರೆ ಹಿಂದೆ ಹುಣ್ಣಿನಿಂದ ರಕ್ತ ಹೋಗಿದ್ದರೆ, ಅಥವಾ ಹೃದಯಕ್ಕೆಂದು ಆಸ್ಪಿರಿನ್, ರಕ್ತ ತೆಳುವಾಗಿಸುವ ಗುಳಿಗೆ ನಡೆಯುತ್ತಿದ್ದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಡಾಂಬರಿನಂತೆ ಕಪ್ಪಾದ ಮಲ, ನುಂಗಲು ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಪದೇ ಪದೇ ವಾಂತಿ, ಇವುಗಳಲ್ಲಿ ಒಂದಿದ್ದರೂ ಉಸಿರು ಪರೀಕ್ಷೆಯ ಮಾತು ಆಮೇಲೆ, ಎಂಡೋಸ್ಕೋಪಿ ಮೊದಲು.

ಪ್ರಶ್ನೆ (ಅವರೇ):
ಕ್ರಿಮಿ ಇದೆಯೆಂದು ಬಂದರೆ 14 ದಿನ ರಾಶಿ ಗುಳಿಗೆ ನುಂಗಬೇಕೆಂದು ತಮ್ಮ ಹೆದರಿಸಿದ್ದಾನೆ. ಔಷಧಿ ಅಂಗಡಿಯವರು ವೊನೊಪ್ರಜಾನ್ ಎಂಬ ಹೊಸ ಗುಳಿಗೆ ಬಂದಿದೆ, ಅದೊಂದೇ ಸಾಕು ಎನ್ನುತ್ತಾರೆ.

ಉತ್ತರ:
ಅದೊಂದೇ ಸಾಲದು. ಆಮ್ಲ ತಗ್ಗಿಸುವ ಯಾವ ಗುಳಿಗೆಯೂ ತಾನೊಂದೇ ಈ ಕ್ರಿಮಿಯನ್ನು ನಿರ್ನಾಮ ಮಾಡುವುದಿಲ್ಲ. ಹಿಂದೆ ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿದ ಮೂರು ಔಷಧಿಗಳ ಚಿಕಿತ್ಸೆ ನಡೆಯುತ್ತಿತ್ತು. ಅದಕ್ಕೆ ಬಗ್ಗದ ತಳಿಗಳು ಹೆಚ್ಚಿದ್ದರಿಂದ ಈಗ ಆಮ್ಲ ತಗ್ಗಿಸುವ ಔಷಧಿ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಹೀಗೆ ನಾಲ್ಕನ್ನು 14 ದಿನ ಕೊಡುವುದು ಮೊದಲ ಆಯ್ಕೆಯಾಗಿದೆ. ಗುಳಿಗೆಗಳ ಎಣಿಕೆ ಹೆಚ್ಚು ಎನ್ನುವುದು ನಿಜ, ಬಾಯಿ ಕಹಿಯಾಗುವುದೂ ನಿಜ. ಬಿಸ್ಮತ್‌ನಿಂದ ಮಲವೂ ನಾಲಿಗೆಯೂ ಕಪ್ಪಾಗುತ್ತವೆ. ಇದನ್ನು ಮೊದಲೇ ತಿಳಿಸದಿದ್ದರೆ ಜನ ನಾಲ್ಕನೆಯ ದಿನಕ್ಕೆ ಗಾಬರಿಯಾಗಿ ಎಲ್ಲವನ್ನೂ ಬಿಟ್ಟುಬಿಡುತ್ತಾರೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಉಳಿದ ಕ್ರಿಮಿ ಮುಂದಿನ ಸಲ ಇನ್ನಷ್ಟು ಹಟ ಮಾಡುತ್ತದೆ. ಮುಗಿದು ಕನಿಷ್ಠ ನಾಲ್ಕು ವಾರ ಕಳೆದ ಮೇಲೆ ಉಸಿರು ಪರೀಕ್ಷೆ ಮಾಡಿಸಿ, ಹೋಗಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ವೊನೊಪ್ರಜಾನ್ ಒಳ್ಳೆಯ ಔಷಧಿಯೇ. ಜಪಾನಿನಲ್ಲಿ ಅದಕ್ಕೆ ಅನುಮತಿ ದೊರೆತದ್ದು 2014ರಲ್ಲಿ. ಪ್ಯಾಂಟೊಪ್ರಜೋಲ್ ಕೆಲಸ ಮಾಡಲು ಜಠರದ ಆಮ್ಲದ ಪಂಪುಗಳು ಚಾಲೂ ಆಗಿರಬೇಕು, ಅದಕ್ಕಾಗಿಯೇ ಅದನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ ಎನ್ನುವುದು. ಉಂಡ ಮೇಲೆ ನುಂಗಿ ‘ಗುಣವಿಲ್ಲ’ ಎನ್ನುವವರೇ ನನ್ನ ಬಳಿ ಹೆಚ್ಚು ಬರುತ್ತಾರೆ. ವೊನೊಪ್ರಜಾನ್‌ಗೆ ಈ ಹಂಗಿಲ್ಲ, ಆಮ್ಲವನ್ನು ಬೇಗನೆ, ಹೆಚ್ಚು ಹೊತ್ತು ತಡೆಯುತ್ತದೆ. ಆ ನಾಲ್ಕರ ಗುಂಪಿನಲ್ಲಿ ಪ್ಯಾಂಟೊಪ್ರಜೋಲ್ ಬದಲಿಗೆ ಇದನ್ನು ಸೇರಿಸಬಹುದು. ಪರೀಕ್ಷೆಗೆ ಮೊದಲು ಇದನ್ನೂ ನಿಲ್ಲಿಸಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ (ಒಬ್ಬ ತಾಯಿ, ಬೀದರ್):
ನಮಸ್ಕಾರ ಸರ್. ನನ್ನ ಮಗಳಿಗೆ ಒಂಬತ್ತು ವರ್ಷ. ಎತ್ತರ, ತೂಕ ಎರಡೂ ಕಡಿಮೆ, ಹೊಟ್ಟೆಯುಬ್ಬರ, ಎಷ್ಟು ಕಬ್ಬಿಣಾಂಶದ ಔಷಧಿ ಕೊಟ್ಟರೂ ರಕ್ತ ಏರುತ್ತಿಲ್ಲ. ಗೋಧಿ ಆಗಿಬರದ ರೋಗವಿರಬಹುದೆಂದು ಸಂಬಂಧಿಕರೊಬ್ಬರು ಹೇಳಿದ್ದರಿಂದ ನಾಲ್ಕು ತಿಂಗಳಿಂದ ಚಪಾತಿ ನಿಲ್ಲಿಸಿ ಜೋಳದ ರೊಟ್ಟಿ ಮಾತ್ರ ಕೊಡುತ್ತಿದ್ದೇನೆ. ಮಗು ಗೆಲುವಾಗಿದೆ. ಈಗ ರಕ್ತ ಪರೀಕ್ಷೆ ಮಾಡಿಸಿದರೆ ರೋಗವಿಲ್ಲ ಎಂದು ಬಂದಿದೆ. ಚಪಾತಿ ಮತ್ತೆ ಶುರು ಮಾಡಲೇ?

ಉತ್ತರ:
ಅಕ್ಕಾವರೇ, ಗುರುಗಳ ಪ್ರಕರಣದಲ್ಲಿ ಗುಳಿಗೆ ಮಾಡಿದ ಕೆಲಸವನ್ನೇ ನಿಮ್ಮ ಮನೆಯಲ್ಲಿ ರೊಟ್ಟಿ ಮಾಡಿದೆ. ಸಿಲಿಯಾಕ್ ಎಂಬ ಈ ಕಾಯಿಲೆಯಲ್ಲಿ ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್ ವಿರುದ್ಧ ದೇಹ ತಿರುಗಿಬಿದ್ದು ಸಣ್ಣಕರುಳಿನ ಒಳಪದರವನ್ನು ಸವೆಸುತ್ತದೆ; ಪರೀಕ್ಷೆಯಲ್ಲಿ ಅಳೆಯುವುದು ಆ ಹೊತ್ತಿಗೆ ರಕ್ತದಲ್ಲಿರುವ ಪ್ರತಿಕಾಯವನ್ನು. ಜೋಳದಲ್ಲಿ ಗ್ಲುಟೆನ್ ಇಲ್ಲ, ಸಜ್ಜೆಯಲ್ಲಿಯೂ ಇಲ್ಲ. ನಾಲ್ಕು ತಿಂಗಳು ಗೋಧಿ ಕಾಣದ ದೇಹದಲ್ಲಿ ಪ್ರತಿಕಾಯ ಇಳಿದಿರುತ್ತದೆ, ಆದ್ದರಿಂದ ಈ ವರದಿಯಿಂದ ಹೌದೆಂದೂ ಅಲ್ಲವೆಂದೂ ಹೇಳಲಾಗದು. ಟಿಟಿಜಿ-ಐಜಿಎ ಎಂಬ ಆ ಪರೀಕ್ಷೆಯ ಜೊತೆಗೆ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಪ್ರಮಾಣ ನೋಡಿದ್ದಾರೆಯೇ ಎಂಬುದನ್ನೂ ವರದಿಯಲ್ಲಿ ಹುಡುಕಿರಿ. ಅದು ಹುಟ್ಟಿನಿಂದಲೇ ಕಡಿಮೆಯಿರುವ ಮಕ್ಕಳಲ್ಲಿ ಪರೀಕ್ಷೆ ಸುಳ್ಳಾಗುತ್ತದೆ.

ಮಕ್ಕಳ ಜಠರ-ಕರುಳು ತಜ್ಞರನ್ನು ಕಂಡು, ಅವರ ನಿಗಾದಲ್ಲಿ ಕೆಲವು ವಾರ ಗೋಧಿ ತಿನ್ನಿಸಿ ಮತ್ತೆ ಪರೀಕ್ಷೆ ಮಾಡಿಸುವುದೇ ದಾರಿ. ಗೆಲುವಾದ ಮಗುವಿಗೆ ಮತ್ತೆ ಗೋಧಿ ಕೊಡಲು ಮನಸ್ಸು ಒಪ್ಪುವುದಿಲ್ಲ ಎಂಬುದು ಗೊತ್ತು. ಆದರೆ ಇದು ಜೀವನಪೂರ್ತಿ ಪಾಲಿಸಬೇಕಾದ ಪಥ್ಯ, ಊಹೆಯ ಮೇಲೆ ಹೊರಿಸುವಂಥದಲ್ಲ. ಹೊಸ ಅನುಕೂಲವೆಂದರೆ, ಮಕ್ಕಳಲ್ಲಿ ಈ ಪ್ರತಿಕಾಯ ಸಾಮಾನ್ಯ ಮಿತಿಯ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದು, ಬೇರೆ ದಿನ ತೆಗೆದ ರಕ್ತದಲ್ಲಿ ಎಂಡೊಮೈಸಿಯಲ್ ಪ್ರತಿಕಾಯವೂ ಕಂಡರೆ, ಎಂಡೋಸ್ಕೋಪಿಯಿಂದ ಕರುಳಿನ ಚೂರು ತೆಗೆಯದೆಯೇ ರೋಗವನ್ನು ಖಚಿತಪಡಿಸಬಹುದೆಂದು ಯುರೋಪಿನ ಮಕ್ಕಳ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ.

ರೋಗ ಖಚಿತವಾದರೆ ನಿಮಗೆ ನಮ್ಮ ಸೀಮೆಯ ಅಡುಗೆಯೇ ಅರ್ಧ ಔಷಧಿ. ಆದರೆ ಜೋಳವನ್ನು ಬೀಸಿಸುವ ಗಿರಣಿಯನ್ನು ನೋಡಿದ್ದೀರಲ್ಲ, ನಿಮ್ಮ ಮುಂದಿನವರ ಗೋಧಿ ಇಳಿದ ಕಲ್ಲಿಗೇ ನಿಮ್ಮ ಜೋಳ ಬೀಳುತ್ತದೆ. ಮೊದಲ ಒಂದೆರಡು ಸೇರು ಹಿಟ್ಟು ಬಿಳಿ ಜೋಳದ್ದಾಗಿ ಕಂಡರೂ ಗೋಧಿಯನ್ನು ಹೊತ್ತುಕೊಂಡೇ ಬಂದಿರುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡು ಅದರಲ್ಲಿ ಗೋಧಿ ಹಾಕದಿರುವುದು ಒಳ್ಳೆಯದು. ಡಬ್ಬಿಯ ಇಂಗಿನ ಮೇಲೆ ಬರೆದುದನ್ನು ಓದಿರಿ, ಅನೇಕ ಇಂಗುಗಳಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಜಾತ್ರೆ, ಮದುವೆಗಳ ಗೋಧಿ ಹುಗ್ಗಿ, ಮಾದಲಿ, ಹೋಳಿಗೆ ಮೂರೂ ವರ್ಜ್ಯ. ‘ದೇವರ ಪ್ರಸಾದ, ಒಂದು ತುತ್ತು’ ಎಂದು ಅಜ್ಜಿ ಬಾಯಿಗಿಡುವುದನ್ನು ತಡೆಯುವುದೇ ಈ ಕಾಯಿಲೆಯ ಕಠಿಣ ಭಾಗ.

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ):
ಸರ್, ನನ್ನ ತಮ್ಮನಿಗೆ 26 ವರ್ಷ. ಆರು ತಿಂಗಳಿಂದ ಬಲಗಡೆ ಕೆಳಹೊಟ್ಟೆ ನೋವು, ಭೇದಿ, ತೂಕ ಒಂಬತ್ತು ಕಿಲೋ ಇಳಿದಿದೆ. ಕೊಲೊನೋಸ್ಕೋಪಿಯಲ್ಲಿ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗದಲ್ಲಿ ಹುಣ್ಣು ಕಂಡಿದೆ. ಒಬ್ಬರು ಕರುಳಿನ ಟಿಬಿ ಎಂದರು. ಹೈದರಾಬಾದಿನಲ್ಲಿ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಇರಬಹುದು, ದುಬಾರಿ ಇಂಜೆಕ್ಷನ್ ಬೇಕಾಗಬಹುದು ಎಂದರು. ಕ್ಯಾಮೆರಾ ಇರುವ ಕ್ಯಾಪ್ಸೂಲ್ ನುಂಗಿಸಿದರೆ ಗೊತ್ತಾಗುವುದಿಲ್ಲವೇ?

ಉತ್ತರ:
ಇಬ್ಬರು ವೈದ್ಯರು ಬೇರೆ ಬೇರೆ ಹೇಳಿದ್ದನ್ನು ತಪ್ಪೆಂದು ತಿಳಿಯಬೇಡಿ. ಈ ಎರಡು ರೋಗಗಳು ಒಂದೇ ಜಾಗದಲ್ಲಿ, ಒಂದೇ ವಯಸ್ಸಿನಲ್ಲಿ, ಒಂದೇ ಬಗೆಯ ತೊಂದರೆಯೊಂದಿಗೆ ಬರುತ್ತವೆ. ಬಯಾಪ್ಸಿಯಲ್ಲಿಯೂ ಕೆಲವೊಮ್ಮೆ ಒಂದೇ ತೆರನಾಗಿ ಕಾಣುತ್ತವೆ. ಕಫದಲ್ಲಿ ಟಿಬಿಯನ್ನು ಚೆನ್ನಾಗಿ ಹಿಡಿಯುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಕರುಳಿನ ಚೂರಿನಲ್ಲಿ ‘ಇದೆ’ ಎಂದರೆ ಬಲವಾದ ಸಾಕ್ಷಿ, ಆದರೆ ‘ಇಲ್ಲ’ ಎಂದರೆ ಟಿಬಿ ಇಲ್ಲವೆಂದಲ್ಲ, ಏಕೆಂದರೆ ಅಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಳೆಯುವ ಹೊಸ ಪರೀಕ್ಷೆ ಕರುಳಿನಲ್ಲಿ ಉರಿಯೂತವಿದೆ ಎಂದು ಹೇಳುತ್ತದೆಯೇ ಹೊರತು ಯಾವುದರಿಂದ ಎಂದು ಹೇಳುವುದಿಲ್ಲ. ನೋವಿನ ಗುಳಿಗೆ ನುಂಗಿದವರಲ್ಲಿಯೂ ಅದು ಏರುತ್ತದೆ.

ಕ್ಯಾಪ್ಸೂಲ್ ನುಂಗಿಸಲು ಅವಸರ ಬೇಡ. ಅದು ಸುಮಾರು 26 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ದಪ್ಪವಿರುತ್ತದೆ. ಹುಣ್ಣು ಮಾಗಿ ಕರುಳು ಕಿರಿದಾಗಿದ್ದರೆ ಅಲ್ಲಿಯೇ ಸಿಕ್ಕಿಕೊಂಡು, ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅದಕ್ಕಿಂತ ಮೊದಲು ಸಿಟಿ ಎಂಟೆರೊಗ್ರಫಿ, ಅಂದರೆ ಸಣ್ಣಕರುಳಿನ ಸಿಟಿ ಸ್ಕ್ಯಾನ್, ಆಗಲಿ. ಅದರಲ್ಲಿ ಕರುಳಿನ ಗೋಡೆ, ಕಿರಿದಾದ ಭಾಗಗಳು, ಸುತ್ತಲಿನ ಗ್ರಂಥಿಗಳು ಎಲ್ಲವೂ ಕಾಣುತ್ತವೆ.

ಇಷ್ಟಾದರೂ ತೀರ್ಮಾನವಾಗದಿದ್ದರೆ ನಮ್ಮ ದೇಶದಲ್ಲಿ ಟಿಬಿ ಚಿಕಿತ್ಸೆಯನ್ನು ಮೊದಲು ಕೊಟ್ಟು ನೋಡುವ ರೂಢಿಯಿದೆ. ಎರಡು ತಿಂಗಳಾದ ಮೇಲೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ಕಣ್ಣಾರೆ ನೋಡುತ್ತೇವೆ. ಮಾಗಿದ್ದರೆ ಟಿಬಿಯೆಂದು ಹಿಡಿದು ಸಾಮಾನ್ಯವಾಗಿ ಆರು ತಿಂಗಳಿಗೆ ಮುಗಿಸುತ್ತೇವೆ. ಹಾಗೆಯೇ ಇದ್ದರೆ ಕ್ರೋನ್ಸ್ ಕಡೆಗೆ ತಿರುಗುತ್ತೇವೆ. ‘ಹಸಿವಾಗುತ್ತಿದೆ, ಹುಷಾರಾಗಿದ್ದೇನೆ’ ಎಂಬ ಮಾತಿನ ಮೇಲೆ ಎರಡನೆಯ ಕೊಲೊನೋಸ್ಕೋಪಿಯನ್ನು ಬಿಡುವವರಿದ್ದಾರೆ, ಕ್ರೋನ್ಸ್ ಇದ್ದರೂ ಆ ಔಷಧಿಯಿಂದ ಸ್ವಲ್ಪ ದಿನ ಸುಧಾರಿಸಿದಂತೆ ಕಾಣುವುದರಿಂದ ಅದು ಮೋಸದ ಮಾತು. ಟಿಬಿ ಮೊದಲು ಎನ್ನಲು ಕಾರಣ ಸರಳ: ಟಿಬಿ ಇರುವವನಿಗೆ ಸ್ಟೀರಾಯ್ಡ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಕೊಟ್ಟರೆ ರೋಗ ಮೈಯೆಲ್ಲ ಹರಡುವ ಅಪಾಯವಿದೆ. ಟಿಬಿ ಔಷಧಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಈ ನಡುವೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿ ಸಹ ಹೋಗದಂತಾದರೆ ಕರುಳು ಕಟ್ಟಿರಬಹುದು. ಅಂದೇ ದೊಡ್ಡ ಆಸ್ಪತ್ರೆಗೆ ಕರೆತನ್ನಿ.

ಪ್ರಶ್ನೆ (ಸೇಡಂ):
ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಎಂದಿದ್ದಾರೆ. ವಯಸ್ಸು 48, ಸಕ್ಕರೆ ಕಾಯಿಲೆಯಿದೆ. ಫೈಬ್ರೋಸ್ಕ್ಯಾನ್ ಬೇಕೇ?

ಉತ್ತರ:
ಆ ಗ್ರೇಡ್ ಕೊಬ್ಬಿನದು. ಯಕೃತ್ತು ಗಡುಸಾಗಿದೆಯೇ ಎಂಬುದೇ ಮುಖ್ಯ, ಫೈಬ್ರೋಸ್ಕ್ಯಾನ್ ಅಳೆಯುವುದು ಅದನ್ನೇ. ನಿಮ್ಮ ವಯಸ್ಸು, ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಎಣಿಕೆ ಇಷ್ಟರಿಂದ ಫಿಬ್-4 ಎಂಬ ಅಂಕ ಸಿಗುತ್ತದೆ, ಬೇರೆ ಖರ್ಚಿಲ್ಲ. ಅದು 1.3ಕ್ಕಿಂತ ಕಡಿಮೆಯಿದ್ದರೆ ಸದ್ಯಕ್ಕೆ ಫೈಬ್ರೋಸ್ಕ್ಯಾನ್ ಬೇಡ, ಸಕ್ಕರೆ ಕಾಯಿಲೆ ಇರುವುದರಿಂದ ಒಂದೆರಡು ವರ್ಷಕ್ಕೊಮ್ಮೆ ಲೆಕ್ಕ ಹಾಕಿಸಿ. ಹೆಚ್ಚಿದ್ದರೆ ಮಾಡಿಸಿ, ಕನಿಷ್ಠ ಮೂರು ಗಂಟೆ ಏನೂ ತಿನ್ನದೆ ಹೋಗಿರಿ; ಉಂಡ ಕೂಡಲೇ ಮಾಡಿದರೆ ಇಲ್ಲದ ಗಡುಸು ಕಾಣುತ್ತದೆ. ತೂಕ ಹೆಚ್ಚಿದ್ದರೆ ಅದರಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸುವುದು ಇಂದಿಗೂ ಒಳ್ಳೆಯ ಚಿಕಿತ್ಸೆ.

ಪ್ರಶ್ನೆ (ನಿವೃತ್ತ ಮುಖ್ಯೋಪಾಧ್ಯಾಯರು, ಕಲಬುರಗಿ):
ಸಾಹೇಬರೇ, ಇದೇ ತಿಂಗಳ 3ಕ್ಕೆ ಕೊನೆಯ ಗುಳಿಗೆ ನುಂಗಿ ನಿಲ್ಲಿಸಿದ್ದೇನೆ. ಉಸಿರು ಪರೀಕ್ಷೆಗೆ 18ನೇ ತಾರೀಖು ಕೊಟ್ಟಿದ್ದಾರೆ. ನಡುವೆ ಕೆಮ್ಮಿಗೆಂದು ಮೂರು ದಿನ ಅಜಿತ್ರೊಮೈಸಿನ್ ಆಯಿತು, 5ಕ್ಕೆ ಮುಗಿಯಿತು. ಅಡ್ಡಿಯಿಲ್ಲವಷ್ಟೇ?

ಉತ್ತರ:
ಗ್ಯಾಸಿನ ಗುಳಿಗೆಯ ಲೆಕ್ಕಕ್ಕೆ 18 ಸರಿಯಾಗಿಯೇ ಇತ್ತು ಗುರುಗಳೇ, ಆದರೆ ಅಜಿತ್ರೊಮೈಸಿನ್ ಕೂಡ ಆಂಟಿಬಯೋಟಿಕ್. 5ರಿಂದ ನಾಲ್ಕು ವಾರ ಎಣಿಸಿ, ಮುಂದಿನ ತಿಂಗಳ 5ರ ನಂತರದ ತಾರೀಖು ಕೇಳಿ ಪಡೆಯಿರಿ. ಅಷ್ಟು ದಿನ ಉರಿ ತಡೆಯಲಾಗದಿದ್ದರೆ ಈಗ ಕೆಲವು ದಿನ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳಬಹುದು, ಪರೀಕ್ಷೆಗೆ ಪೂರ್ತಿ ಹದಿನಾಲ್ಕು ದಿನ ಇರುವಾಗ ಮತ್ತೆ ನಿಲ್ಲಿಸಿರಿ.